ದನಿಯಿಲ್ಲದವರು ಯಾರು?

ನಮ್ಮ ವಿಮರ್ಶೆಗೆ ‘ದನಿ’ ಎಂಬ ಮಾತಿನ ಮೇಲೆ ವಿಪರೀತ ಪ್ರೀತಿ. ದಮನಿತರ ದನಿ, ದನಿಯಿಲ್ಲದವರ ದನಿ, ಕವಿ ಕಂಡುಕೊಂಡ ಸ್ವಂತ ದನಿ. ಸಂಶೋಧನೆಗಾಗಿ ನಾನು ತಿರುವಿ ಹಾಕುತ್ತಿರುವ ಸಂಕಲನಗಳಲ್ಲಿ ಇದಿಲ್ಲದ ಮುನ್ನುಡಿ ಅಪರೂಪ. ಮಾತು ಗಂಟಲಿನಿಂದಲೇ ಹೊರಡಬೇಕು ಎಂಬ ನಂಬಿಕೆ ಇದರ ಬೆನ್ನಿಗಿದೆ.

ಕೈಯಲ್ಲಿ ಮಾತಾಡುವವರನ್ನು ಎಲ್ಲಿಡೋಣ? ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ‘ಏನು’, ‘ಎಲ್ಲಿ’ಯಂಥ ಪ್ರಶ್ನೆಗಳು ಅಲ್ಲಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ, ಹುಬ್ಬು, ಮುಖಭಾವ ಬರೀ ಅಭಿನಯವಲ್ಲ, ವ್ಯಾಕರಣದ ಭಾಗ. 2021ರಲ್ಲಿ ಬಂದ ಅದರ ನಿಘಂಟಿನಲ್ಲಿ 10,000 ಪದಗಳಿವೆ. ಇಷ್ಟು ಮಾತು ಬಲ್ಲವರನ್ನು ನಾವು ಒಂದೇ ಉಸಿರಿನಲ್ಲಿ ‘ಕಿವುಡ-ಮೂಗ’ ಎಂದು ಮುಗಿಸಿಬಿಡುತ್ತೇವೆ. ‘ಜಾಣಕಿವುಡು’ ಇನ್ನೂ ಸೊಗಸು: ಕೇಳಿಸಿಯೂ ಕೇಳಿಸದಂತಿರುವುದು ಕಿವಿಯಿದ್ದವರ ಕಸುಬು, ಹೆಸರು ಮಾತ್ರ ಕಿವುಡರದು.

ಕನ್ನಡದಲ್ಲಿ ಅಗೌರವ ಬೈಗುಳದಲ್ಲೇ ಇರಬೇಕಿಲ್ಲ, ವಚನದಲ್ಲೂ ಇರುತ್ತದೆ. ಅರವತ್ತು ದಾಟಿದ ಮೇಷ್ಟ್ರನ್ನು ‘ಅವರು’ ಎನ್ನುವ ಕಥೆಗಾರ, ಅದೇ ವಯಸ್ಸಿನ ಅಂಧರನ್ನು ‘ಆ ಕುರುಡ’ ಎಂದು ಏಕವಚನಕ್ಕೆ ಇಳಿಸುತ್ತಾನೆ. ಹೋಟೆಲಿನಲ್ಲೂ ಅಷ್ಟೇ. ಗಾಲಿಕುರ್ಚಿಯಲ್ಲಿ ಕೂತವರ ಎದುರಿಗೇ ಮಾಣಿ ಜೊತೆಗಿದ್ದವರನ್ನು ಕೇಳುತ್ತಾನೆ: “ಇವ್ರಿಗೆ ಕಾಫಿಗೆ ಸಕ್ಕರೆ ಹಾಕಬೇಕಾ ಸಾರ್?” ಆ ಪ್ರಶ್ನೆಯಲ್ಲಿ ಕೆಟ್ಟತನ ಕಿಂಚಿತ್ತೂ ಇಲ್ಲ. ಹಾಗಾಗಿಯೇ ಅದನ್ನು ತಿದ್ದುವುದು ಕಷ್ಟ.

ಏಕವಚನ ಬಿಟ್ಟರೆ ನಮಗೆ ಗೊತ್ತಿರುವುದು ಅಡ್ಡಬೀಳುವುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ (1914–2010) ನಾಡು ಕೈಮುಗಿಯಿತು, ಸರಿಯೇ. ಆದರೆ ಅವರು ನಾಟಕ ಬರೆದವರು, ಹಲವು ವಾದ್ಯ ನುಡಿಸಿದವರು, ಆಶ್ರಮ ನಡೆಸಿದವರು. ಆ ದುಡಿಮೆಯನ್ನೆಲ್ಲ ‘ಕಣ್ಣಿಲ್ಲದೆಯೂ’ ಎಂಬ ಒಂದು ಪದಕ್ಕೆ ಗಂಟು ಹಾಕಿದರೆ ಅವರ ನಾಟಕಗಳನ್ನು ನಾಟಕಗಳಾಗಿ ಓದುವುದು ಯಾವಾಗ? ಪವಾಡವೆಂದು ಕೈಮುಗಿದವರಿಗೆ ವಿಮರ್ಶೆ ಮಾಡುವ ಹೊಣೆ ಇರುವುದಿಲ್ಲ. ಬಸ್ಸಿನಲ್ಲಿ ಬಿಳಿ ಕೋಲು ಹಿಡಿದವರನ್ನು ಕೇಳದೆ ರಟ್ಟೆ ಹಿಡಿದು ಎಳೆಯುವವರೂ ಈ ಭಕ್ತರಲ್ಲೇ ಇದ್ದಾರೆ. “ನನ್ನ ಮೊಣಕೈ ಹಿಡ್ಕೋತೀರಾ?” ಎಂದರೆ ಸಾಕಿತ್ತು.

‘ವಿಕಲಚೇತನ’ವೋ ‘ದಿವ್ಯಾಂಗ’ವೋ ಎಂಬ ಜಗಳದಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಮೊದಲನೆಯದು ಚೈತನ್ಯವನ್ನೇ ಊನ ಮಾಡುತ್ತದೆ, ಎರಡನೆಯದು ದೇಹವನ್ನು ದೇವರಿಗೆ ಒಪ್ಪಿಸುತ್ತದೆ. ಅವರವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಹಾಗೆಯೇ ಕರೆಯಬಹುದು.

ನನ್ನ ತಕರಾರು ನಮ್ಮ ವಿಚಾರಸಂಕಿರಣಗಳ ಬಗ್ಗೆ. ‘ಅಂಚಿನ ದನಿಗಳು’ ಎಂದು ಬ್ಯಾನರ್ ಕಟ್ಟಿದ ವೇದಿಕೆಗೆ ಹತ್ತಲು ಮೆಟ್ಟಿಲು ಮಾತ್ರ ಇರುತ್ತದೆ. ಸಂಜ್ಞಾ ಭಾಷೆಯ ದುಭಾಷಿ ಇರುವುದಿಲ್ಲ. ಮಾತಾಡುವವರು ಮೈಕನ್ನು ಬಾಯಿಗೆ ಅಡ್ಡ ಹಿಡಿದಿರುತ್ತಾರೆ. ಮುಂದಿನ ಸಾಲಿನಲ್ಲಿ ತುಟಿ ಓದಲೆಂದು ಕೂತವರಿಗೆ ಕಾಣುವುದು ಆ ಮೈಕು ಮಾತ್ರ.