ಯಂತ್ರ ಕೈಬಿಟ್ಟಾಗ

ಆಟೊಪೈಲಟ್ ಹಠಾತ್ತಾಗಿ ಕಳಚಿಕೊಂಡಾಗ ಪೈಲಟ್ ಮೊದಲು ಮಾಡಬೇಕಾದ್ದು ನೋಡುವವರಿಗೆ ಏನೂ ಅಲ್ಲ ಅನ್ನಿಸುವಂಥದ್ದು: ಮೂತಿ ಎತ್ತ ತಿರುಗಿದೆ, ಎಂಜಿನ್ ಎಷ್ಟು ದುಡಿಯುತ್ತಿದೆ ಎಂದು ಗಮನಿಸಿ, ವಿಮಾನವನ್ನು ಇದ್ದಂತೆಯೇ ಹಿಡಿದಿಡುವುದು. ಈ ತಾಳ್ಮೆಗೆ ನಾನು ಮನಸೋತಿದ್ದೇನೆ.

2008ರ ಅಕ್ಟೋಬರ್ 7ರಂದು ಸಿಂಗಪುರದಿಂದ ಪರ್ತ್‌ಗೆ ಹೊರಟಿದ್ದ ಕ್ವಾಂಟಾಸ್ ಸಂಸ್ಥೆಯ 72ನೇ ಸಂಖ್ಯೆಯ ಏರ್‌ಬಸ್ ವಿಮಾನ 37,000 ಅಡಿ ಎತ್ತರದಲ್ಲಿತ್ತು. ಆಟೊಪೈಲಟ್ ಕಳಚಿತು. ವೇಗ ತೀರಾ ಕಡಿಮೆ ಎಂದೊಂದು ಎಚ್ಚರಿಕೆ, ವೇಗ ಮಿತಿಮೀರಿದೆ ಎಂದು ಇನ್ನೊಂದು. ಎರಡೂ ನಿಜವಾಗಿರಲು ಸಾಧ್ಯವೇ ಇಲ್ಲ. ಕ್ಯಾಪ್ಟನ್ ಕೆವಿನ್ ಸಲಿವನ್ ತಮ್ಮ ಮುಂದಿನ ಪರದೆಯೊಂದನ್ನೇ ನಂಬಲಿಲ್ಲ. ಪಕ್ಕದ ಪರದೆ, ನಡುವಿನ ಮೀಸಲು ಮಾಪಕ ಎರಡರ ಮೇಲೂ ಕಣ್ಣಾಡಿಸಿದರು. ಅಲ್ಲಿ ಅಂಕಿಗಳು ಕದಲುತ್ತಿರಲಿಲ್ಲ.

ಸುಮಾರು ಎರಡು ನಿಮಿಷದ ಬಳಿಕ ವಿಮಾನ ತಾನಾಗಿ ಮೂತಿ ಬಗ್ಗಿಸಿ 650 ಅಡಿ ಕುಸಿಯಿತು. ತಪ್ಪು ಮಾಹಿತಿ ನಂಬಿದ ಕಂಪ್ಯೂಟರೇ ಹಾಗೆ ಆಜ್ಞೆ ಕೊಟ್ಟಿತ್ತು. ಕ್ಯಾಪ್ಟನ್ ನಿಯಂತ್ರಣ ಕೋಲನ್ನು ಹಿಂದಕ್ಕೆಳೆದರೂ ಮೊದಲ ಕ್ಷಣಗಳಲ್ಲಿ ವಿಮಾನ ಕೇಳಲಿಲ್ಲ. ಆಮೇಲೆ ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಕುಸಿತ. ನೂರಕ್ಕೂ ಹೆಚ್ಚು ಜನ ಗಾಯಗೊಂಡರು.

ನನಗೆ ಬಹಳ ಹಿಡಿಸಿದ್ದು ಆಮೇಲಿನ ಒಂದು ವಿವರ. ವಿಮಾನದ ಸಮತೋಲ ತಾನಾಗಿ ಸರಿಹೊಂದುತ್ತಿಲ್ಲ ಎಂದು ಸಲಿವನ್ ಗುರುತಿಸಿದರು. ಆಧುನಿಕ ಏರ್‌ಬಸ್ಸಿನಲ್ಲಿ ಯಾರೂ ಸಾಮಾನ್ಯವಾಗಿ ಹಾರಾಟದಲ್ಲಿ ಮುಟ್ಟದ, ಸಮತೋಲ ಹೊಂದಿಸುವ ಟ್ರಿಮ್ ಚಕ್ರವನ್ನು ಕೈಯಿಂದಲೇ ತಿರುಗಿಸಿದರು. ಕಂಪ್ಯೂಟರ್ ಮತ್ತೆ ಮೂತಿ ಬಗ್ಗಿಸೀತೆಂಬ ಆತಂಕದಲ್ಲೇ ಲರ್ಮಂತ್ ವಿಮಾನ ನಿಲ್ದಾಣದಲ್ಲಿ ಇಳಿಸಿದರು. ವಿಮಾನದಲ್ಲಿದ್ದ 315 ಜನರಲ್ಲಿ ಒಬ್ಬರೂ ಸಾಯಲಿಲ್ಲ.