ಇಪ್ಪತ್ತು ತಿಂಗಳ ಲೆಕ್ಕ

ನಮ್ಮ ಹೆಂಗಸರು ಮನೆಯಲ್ಲಿ ಗಂಡನದೊಂದು ಮಾತು, ಮಗನದೊಂದು ಮಾತು ಕೇಳಿಸಿಕೊಂಡು, ಕೊನೆಗೆ ತಮ್ಮದೇ ಒಂದು ಲೆಕ್ಕ ಹಾಕಿ ಮತಗಟ್ಟೆಗೆ ಹೋಗುತ್ತಾರೆ. ಆ ಲೆಕ್ಕದಲ್ಲಿ ಯಾರು ಬರಬೇಕು ಎಂಬುದರ ಜೊತೆಗೆ ಯಾರು ಬರಬಾರದು ಎಂಬುದೂ ಇರುತ್ತದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಜನತಾದಳಕ್ಕೆ ಮತ ಕೊಟ್ಟವರ ಪೈಕಿ ಅದರ ಹೆಸರಿಗಂಟಿದ ‘ಜಾತ್ಯತೀತ’ ಎಂಬ ಶಬ್ದವನ್ನು ನಂಬಿದವರೂ ಇದ್ದರು.

ಆಗ ಯಾರಿಗೂ ಬಹುಮತ ಬರಲಿಲ್ಲ. 224 ಸ್ಥಾನಗಳಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ದಳಕ್ಕೆ 58. ಯಾರಾದರಿಬ್ಬರು ಕೂಡದೆ ಗತಿಯಿರಲಿಲ್ಲ. ದಳ ಕಾಂಗ್ರೆಸ್ಸಿನೊಡನೆ ಕೂಡಿತು, ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಎದುರಾಳಿಯಾಗಿದ್ದವರ ಜೊತೆಯೇ ಆದರೂ ಪಕ್ಷದ ಹೆಸರಿಗೆ ಹೊಂದುವ ಸಂಬಂಧ ಅದು.

2006ರ ಫೆಬ್ರವರಿಯಲ್ಲಿ ಅದೇ ಮತಗಳನ್ನು ಹೊತ್ತು ದಳ ಬಿಜೆಪಿಯ ಪಕ್ಕ ಕುಳಿತಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಇಪ್ಪತ್ತು ತಿಂಗಳು ಇವರು, ಆಮೇಲೆ ಅವರು ಎಂದು ಒಪ್ಪಂದವಾಯಿತು. ಮತ ಕೊಟ್ಟವರನ್ನು ಒಂದು ಮಾತು ಕೇಳಿದವರಿಲ್ಲ.

ಆ ಸರ್ಕಾರ ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಭಾಗ್ಯಲಕ್ಷ್ಮಿ ಯೋಜನೆ, ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ಲು ಬಂದದ್ದು ಆಗಲೇ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಅದರ ಬೆಲೆ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ನೋಡಿ, ಹೆಂಡತಿಗೆ ಹೇಳದೆ ಅವಳ ಬಳೆ ಒತ್ತೆಯಿಟ್ಟವನು ಆ ದುಡ್ಡಿನಲ್ಲಿ ಮನೆಗೇ ಅಕ್ಕಿ ತಂದಿರಬಹುದು. ಹೇಳದೆ ಒಯ್ದ ಎಂಬ ನೋವು ಅಕ್ಕಿಯಿಂದ ಮಾಯುತ್ತದೆಯೇ?

ಕಾನೂನೂ ಇಲ್ಲಿ ನೆರವಿಗಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಶಾಸಕನೊಬ್ಬ ಪಕ್ಷ ಬಿಟ್ಟರೆ ಸ್ಥಾನ ಕಳೆದುಕೊಳ್ಳುತ್ತಾನೆ. ಇಡೀ ಪಕ್ಷವೇ ಜೊತೆಗಾರರನ್ನು ಬದಲಿಸಿದರೆ ಆ ಕಾನೂನು ಬಾಯಿ ತೆರೆಯುವುದಿಲ್ಲ.

2007ರ ಅಕ್ಟೋಬರಿನಲ್ಲಿ ಅಧಿಕಾರ ಬಿಟ್ಟುಕೊಡುವ ಸರದಿ ಬಂದಾಗ ದಳ ಬಿಟ್ಟುಕೊಡಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರಿನಲ್ಲಿ ಮತ್ತೆ ರಾಜಿಯಾಗಿ ಯಡಿಯೂರಪ್ಪ ಮುಖ್ಯಮಂತ್ರಿಯಾದರು, ದಳದ ಬೆಂಬಲ ಸಿಗದೆ ಏಳೇ ದಿನಕ್ಕೆ ಇಳಿದರು. ಆಗ ಎದ್ದಿತು ‘ವಚನಭ್ರಷ್ಟರು’ ಎಂಬ ಕೂಗು! ಪಕ್ಷಗಳು ತಮ್ಮೊಳಗೆ ಕೊಟ್ಟುಕೊಂಡ ಮಾತಿಗೆ ಇಷ್ಟು ಬೆಲೆಯಿದ್ದರೆ, ಮತದಾರರ ಮುಂದೆ ಆಡಿದ ಮಾತಿಗೆ ಬೆಲೆಯಿಲ್ಲವೇ? 2008ರಲ್ಲಿ ದಳ 58ರಿಂದ 28ಕ್ಕೆ ಇಳಿಯಿತು, ಬಿಜೆಪಿ 110ಕ್ಕೆ ಏರಿತು. ಬಿಜೆಪಿ ಬೇಡವೆಂದು 2004ರಲ್ಲಿ ದಳಕ್ಕೆ ಮತ ಕೊಟ್ಟವರಿಗೆ ಕೊನೆಗೆ ದಕ್ಕಿದ್ದು ಇದು.

ಮೈತ್ರಿಯನ್ನೇ ಹಳಿಯುವುದು ಬೇಡ. ದಳ 2018ರಲ್ಲಿ ಫಲಿತಾಂಶ ಬಂದ ಮೇಲೆ ಮತ್ತೆ ಕಾಂಗ್ರೆಸ್ಸನ್ನು ಕೂಡಿತು. ಆ ಸರ್ಕಾರ 2019ರ ಜುಲೈಯಲ್ಲಿ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಬಿಜೆಪಿಯ ಕೂಟಕ್ಕೆ ಸೇರಿತು. ಈ ಕೊನೆಯದನ್ನು ಮೆಚ್ಚದವರಿಗೂ 2024ರ ಲೋಕಸಭಾ ಚುನಾವಣೆಯಲ್ಲಿ ತಿಳಿದು ಗುಂಡಿ ಒತ್ತುವ ಅವಕಾಶವಾದರೂ ಇತ್ತು. ಮತದಾರರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ ಅಷ್ಟೇ.

ಇನ್ನೊಮ್ಮೆ ಅಭ್ಯರ್ಥಿಗಳು ಕೈಮುಗಿದು ನಿಮ್ಮ ಬಾಗಿಲಿಗೆ ಬಂದಾಗ, ನಲ್ಲಿ ನೀರಿನ ಮಾತಿನ ಜೊತೆಗೆ ಇದನ್ನೂ ಕೇಳಿ: ಬಹುಮತ ಬಾರದಿದ್ದರೆ ಯಾರ ಪಕ್ಕ ಕೂರುತ್ತೀರಿ?