ಬಿರುಗಾಳಿಯ ಬೆನ್ನು ಹತ್ತಿದವರು

ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ತಾಂಡ್ಯದ ಆಸುಪಾಸಿನ ರೈತರು ಮೋಡ ನೋಡುವುದು ಸಾಹಸಕ್ಕಾಗಿ ಅಲ್ಲ. ನಮ್ಮದು ಸುಂಟರಗಾಳಿಯ ನಾಡಲ್ಲದಿದ್ದರೂ, ಗುಡುಗುಮೋಡದಿಂದ ಧುತ್ತೆಂದು ಇಳಿಯುವ ಗಾಳಿಯೊಂದೇ ಗೊನೆ ಬಿಟ್ಟ ಬಾಳೆಯನ್ನು ಮಲಗಿಸಬಲ್ಲದು. ‘ಟ್ವಿಸ್ಟರ್ಸ್’ (2024) ಚಲನಚಿತ್ರವನ್ನು ಆ ರೈತನ ಕಣ್ಣಿನಿಂದ ನೋಡಬೇಕೆಂಬುದು ನನ್ನ ಬಿನ್ನಹ.

ಲೀ ಐಸಾಕ್ ಚುಂಗ್ ನಿರ್ದೇಶಿಸಿದ ಈ ಚಿತ್ರ ಅಮೆರಿಕದ ಓಕ್ಲಹೋಮದಲ್ಲಿ ಸುಂಟರಗಾಳಿಗಳನ್ನು ಬೆನ್ನಟ್ಟುವವರ ಕಥೆ. ಗಾಳಿಯೊಳಗೆ ವಾಹನ ನುಗ್ಗಿಸಿ ಬಾಣಬಿರುಸು ಹಾರಿಸುವ ದೃಶ್ಯಗಳಲ್ಲಿ ಜಾತ್ರೆಯ ಗದ್ದಲವಿದೆ. ಹಾರಿಹೋದ ಸೂರು ಯಾರದೆಂಬ ಪ್ರಶ್ನೆ ತಡವಾಗಿ ಬರುತ್ತದೆ. ಬಂದಾಗ ಚಿತ್ರಕ್ಕೆ ತೂಕ ಬರುತ್ತದೆ: ಹಾಳಾದ ಊರಿನಲ್ಲಿ ಆಹಾರ ಹಂಚುವವರು ಒಂದೆಡೆ, ನೊಂದವರ ಜಮೀನನ್ನು ಅಗ್ಗಕ್ಕೆ ಕೊಳ್ಳುವ ಧನಿಕ ಇನ್ನೊಂದೆಡೆ.

ಆದರೆ ಅಂತ್ಯವನ್ನು ಒಪ್ಪಲಾರೆ. ತೇವ ಹೀರುವ ರಾಸಾಯನಿಕದಿಂದ ನಾಯಕಿ ಸುಂಟರಗಾಳಿಯನ್ನೇ ಅಡಗಿಸುತ್ತಾಳೆ, ಅದೂ ಎಲ್ ರೀನೊ ಪಟ್ಟಣದಲ್ಲಿ! ಅದೇ ಪಟ್ಟಣದ ಬಳಿ 2013ರ ಮೇ 31ರಂದು, ನಾಲ್ಕು ಕಿಲೋಮೀಟರಿಗೂ ಅಗಲವಾದ ಸುಂಟರಗಾಳಿಗೆ ಸಿಲುಕಿ ಅನುಭವಿ ಸಂಶೋಧಕ ಟಿಮ್ ಸಮಾರಾಸ್, ಅವರ ಮಗ ಪಾಲ್ ಹಾಗೂ ಸಂಗಡಿಗ ಕಾರ್ಲ್ ಯಂಗ್ ಅಸುನೀಗಿದರು. ಆ ನೆಲದ ಮೇಲೆ ಇಷ್ಟು ಸುಲಭದ ಗೆಲುವನ್ನು ಕಟ್ಟಬಾರದಿತ್ತು.

ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನ ಮುಂದೆ ಬಂಡೆ ಸೀಳುವ ಗಾಳಿ ಬೀಸಿತು, ಸರ್ವೇಶ್ವರ ಅದರಲ್ಲಿರಲಿಲ್ಲ. ಈ ಚಿತ್ರದಲ್ಲೂ ನೆನಪಿನಲ್ಲಿ ಉಳಿಯುವುದು ಗಾಳಿಯಲ್ಲ. ಗೋಡೆ ಕಿತ್ತುಹೋದ ಚಿತ್ರಮಂದಿರದಲ್ಲಿ ಗುರುತುಪರಿಚಯವಿಲ್ಲದವರು ಒಬ್ಬರನ್ನೊಬ್ಬರು ಬಿಡದೆ ಹಿಡಿದುಕೊಳ್ಳುವ ಆ ಕೆಲವು ನಿಮಿಷಗಳು. ಮಕ್ಕಳೊಡನೆ ನೋಡುವವರು ಆ ಭಾಗವನ್ನು ಇನ್ನೊಮ್ಮೆ ಹಾಕಿ ನೋಡಿರಿ.